ಆರ್.ಸಿ. ಅಭಾವ ಮೀಮಾಂಸೆ: ಒಂದು ಸೈದ್ಧಾಂತಿಕ ಅನುಸಂಧಾನ

ಪ್ರಸ್ತುತ ಮಹಾಪ್ರಬಂಧದ ಉದ್ದೇಶ, ವ್ಯಾಪ್ತಿ, ಮಿತಿ ಹಾಗೂ ಮಿತಿಯ ವ್ಯಾಪ್ತಿಯನ್ನು ಆರಂಭದಲ್ಲಿಯೇ ನಿರ್ದೇಶಿಸುವುದು ಶಾಸ್ತ್ರಸಮ್ಮತ. ಕಾರು ಎಂಬ ಪದಾರ್ಥವು ಮನೆ ಮುಂದೆ ನಿಂತಿದೆ, ಕೀಲಿ ಸಂಶೋಧಕನ ಜೇಬಿನಲ್ಲಿದೆ, ಸಾಲದ ಕಂತುಗಳನ್ನೆಲ್ಲ ಅವನೇ ತೀರಿಸಿದ್ದಾನೆ. ಆದಾಗ್ಯೂ ಸದರಿ ಕಾರು ಸದರಿ ವ್ಯಕ್ತಿಯದೇ ಎಂಬ ಜ್ಞಾನ ಯಾವ ಪ್ರಮಾಣದಿಂದ ಉತ್ಪನ್ನವಾಗುತ್ತದೆ ಎಂಬುದೇ ಇಲ್ಲಿನ ಜಿಜ್ಞಾಸೆ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದ್ದಾರೆ. ಪ್ರಾದೇಶಿಕ ಸಾರಿಗೆ ಕಚೇರಿಯ ದರ್ಶನದಲ್ಲಿ ಇರುವುದು ಒಂದೇ: ನೋಂದಣಿ ಪ್ರಮಾಣಪತ್ರ. ಜನ ಅದನ್ನು ಆರ್.ಸಿ. ಎನ್ನುತ್ತಾರೆ. ಕಾರ್ಡು ಬಂದು ಎಷ್ಟೋ ಕಾಲವಾದರೂ ಹಳಬರು ಆರ್.ಸಿ. ಬುಕ್ಕು ಎಂದೇ ಕರೆಯುತ್ತಾರೆ.

ಮೂಲ ಸೂತ್ರವು 1988ರ ಮೋಟಾರು ವಾಹನ ಕಾಯ್ದೆಯ 2(30)ನೇ ಕಲಮಿನಲ್ಲಿದೆ. ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ದುಡ್ಡು ಕೊಟ್ಟವರು, ಓಡಿಸುವವರು, ಭಾನುವಾರ ಬಕೆಟ್ ಹಿಡಿದು ತೊಳೆಯುವವರು ಕೇವಲ ಲೌಕಿಕರು. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಸೂತ್ರಕ್ಕೆ ಭಾಷ್ಯ ಬರೆಯಿತು. ಗಾಡಿ ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರು ಉಳಿದಿತ್ತೋ ಪರಿಹಾರಕ್ಕೆ ಅವರೇ ಹೊಣೆ. (ಇದೊಂದು ಮಾತು ಅಣಕವಲ್ಲ. ಹಳೇ ಕಾರು ಮಾರಿ, 29 ಮತ್ತು 30ನೇ ನಮೂನೆಗೆ ಸಹಿ ಹಾಕಿಕೊಟ್ಟು ಮರೆತವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಹೆಸರು ಬದಲಾಗಿದೆಯೇ ಎಂದು ಮೊದಲು ನೋಡಿಬನ್ನಿ. ಕೊಂಡವನು ಮಾಡಿಸಿಕೊಂಡಿರುತ್ತಾನೆ ಎಂದು ನಂಬಬೇಡಿ.)

ಇನ್ನು ಅಭಾವ ಪ್ರಕರಣ. ತಾರ್ಕಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಆರ್.ಸಿ.ಗೂ ಅದು ಯಥಾವತ್ತಾಗಿ ಅನ್ವಯಿಸುತ್ತದೆ.

ಪ್ರಥಮತಃ ಪ್ರಾಗಭಾವ, ಅಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಕಾರು ಶೋರೂಮಿನಿಂದ ಬಂದಿದೆ, ಕಾರ್ಡು ಬಂದಿಲ್ಲ. ಈ ಅಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ ಎಂದು ತರ್ಕಶಾಸ್ತ್ರ ಹೇಳುತ್ತದೆ. ಶಾಸ್ತ್ರ ಬರೆದವರಿಗೆ 'ಕಾರ್ಡ್ ಸ್ಟಾಕ್ ಇಲ್ಲ ಸಾರ್' ಎಂಬ ವಾಕ್ಯದ ಪರಿಚಯವಿರಲಿಲ್ಲ.

ದ್ವಿತೀಯತಃ ಪ್ರಧ್ವಂಸಾಭಾವ. ಇಲಿ ತಿಂದದ್ದು, ಪ್ಯಾಂಟಿನ ಜೊತೆ ವಾಷಿಂಗ್ ಮಷೀನಿಗೆ ಹೋದದ್ದು ಇತ್ಯಾದಿ. ಉಳಿದ ಚೂರನ್ನು ಅರ್ಜಿಯ ಜೊತೆ ಲಗತ್ತಿಸತಕ್ಕದ್ದು.

ತೃತೀಯತಃ ಅತ್ಯಂತಾಭಾವ, ಆರ್.ಸಿ.ಯ ಮಟ್ಟಿಗೆ ಕಳೆದುಹೋದದ್ದು. ಇದರ ವಿಧಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 53ನೇ ನಿಯಮದಲ್ಲಿದೆ. ಯಾವ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಕಳೆಯಿತೋ ಆ ಠಾಣೆಗೆ ವರದಿ ಮಾಡಬೇಕು, ಆಮೇಲೆ 26ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಶುಲ್ಕ ಹೊಸ ನೋಂದಣಿಯ ಅರ್ಧ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನವರ ಸಹಿಯೂ ಬೇಕು. ಈ ನಿಯಮ ಬರೆದವರು ಜೀವನದಲ್ಲಿ ಏನನ್ನೂ ಕಳೆದುಕೊಂಡವರಲ್ಲ.

"ಎಲ್ಲಿ ಕಳೀತು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಹೆಂಗ್ರೀ? ನಮ್ ಲಿಮಿಟ್ಸಲ್ಲಿ ಕಳೆದಿದ್ರೆ ಮಾತ್ರ ನಾವ್ ತಗೊಳ್ಳೋದು."

ಆಗ ಸಾಧಕನು ಆ ಠಾಣೆಯ ಸರಹದ್ದಿನೊಳಗಿನ ಒಂದು ತರಕಾರಿ ಅಂಗಡಿಯನ್ನು ಮನಸ್ಸಿನಲ್ಲಿ ಸಂಕಲ್ಪಿಸಿ, ಅದರ ಮುಂದೆ ಬೆಳಗ್ಗೆ ಹತ್ತೂವರೆಗೆ ಕಳೆಯಿತು ಎಂದು ನುಡಿಯಬೇಕು. ಈಗ ಇದನ್ನು ಆನ್‌ಲೈನಿನಲ್ಲೂ ಮಾಡಬಹುದು, ಅಲ್ಲೂ ಕಳೆದ ಜಾಗ ಕೇಳುತ್ತಾರೆ. ಅದೇ ತರಕಾರಿ ಅಂಗಡಿಯನ್ನು ಮುಂದೆ ಛಾಪಾ ಕಾಗದದ ಮೇಲೆ 'ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ' ಎಂದು ಪ್ರಮಾಣ ಮಾಡಿ ನೋಟರಿಯ ಸೀಲು ಹಾಕಿಸಿಕೊಂಡ ಕೂಡಲೇ ಕಲ್ಪನೆಯು ದಾಖಲೆಯಾಗಿ ಪರಿಣಮಿಸುತ್ತದೆ. ವಿವರ್ತವಾದಿಗಳು ಗಮನಿಸಬೇಕು.

ಚತುರ್ಥತಃ ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ. ಕಾರಿನ ಮೇಲಿರುವ ಚಾಸಿ ನಂಬರು ಮತ್ತು ದಾಖಲೆಯಲ್ಲಿರುವ ಚಾಸಿ ನಂಬರು ಪರಸ್ಪರ ಬೇರೆಯಾಗಿರುವುದು. ಇದಕ್ಕೆ ತುಸು ಹೊತ್ತು ಕೊಡಬೇಕು. ಕೆಲವು ಕಾರುಗಳಲ್ಲಿ ಈ ನಂಬರು ಬಾನೆಟ್ ಕೆಳಗೆ ಇರುತ್ತದೆ, ಕೆಲವದರಲ್ಲಿ ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ ಎತ್ತಿದರೆ ಕಾಣುತ್ತದೆ. ಬಟ್ಟೆಗೆ ಪೆಟ್ರೋಲು ಅದ್ದಿ ಜಿಡ್ಡು ಒರೆಸಬೇಕು. ಅಕ್ಷರಗಳ ಮೇಲೆ ಪೆನ್ಸಿಲನ್ನು ಮಲಗಿಸಿ ಉಜ್ಜಬೇಕು. ಮೇಲೆ ಸೆಲೋಟೇಪು ಒತ್ತಿ, ಉಗುರಿನಿಂದ ತಿಕ್ಕಿ, ಸುಕ್ಕಾಗದಂತೆ ಕಿತ್ತು ಅರ್ಜಿಗೆ ಅಂಟಿಸಬೇಕು. ಇದೇ ಪೆನ್ಸಿಲ್ ಪ್ರಿಂಟು. ಇಡೀ ವ್ಯವಸ್ಥೆಯಲ್ಲಿ ಕಾರನ್ನು ನಿಜವಾಗಿ ಮುಟ್ಟುವ ವಸ್ತು ಇದೊಂದೇ. ಹದಿನೇಳು ಅಕ್ಷರಗಳ ಈ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದು ಎಂದು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಏರ್ಪಾಡು ಅದು. ಆದರೂ ನನ್ನ ಕಾರಿನ ಹಳೇ ದಾಖಲೆಯಲ್ಲಿ ಯಾರೋ ಸೊನ್ನೆಯ ಜಾಗದಲ್ಲಿ ಓ ಒತ್ತಿದ್ದರು. ಅಂಥ ಅಕ್ಷರ ಯಾವ ಕಾರಿನ ಮೈಮೇಲೂ ಇರಲು ಸಾಧ್ಯವಿಲ್ಲ ಎಂದು ವಿವರಿಸಿದೆ. ಕೌಂಟರಿನ ಹಿಂದಿದ್ದವರು ತಾಳ್ಮೆಯಿಂದ ಕೇಳಿಸಿಕೊಂಡರು. "ಸರಿ ಸಾರ್, ಆದ್ರೆ ಸಿಸ್ಟಮಲ್ಲಿ ಓ ಇದೆಯಲ್ಲ?"

ಐದನೆಯದಾಗಿ ಸಂಸರ್ಗಾಭಾವದ ಒಳಭೇದಗಳು, ಅವುಗಳಲ್ಲಿ ಸರ್ವರ್ ಡೌನು, ಸಾಹೇಬರ ಮೀಟಿಂಗು, ಹಾಳಾದ ಪ್ರಿಂಟರು ಎಂದು ಮೂರು. ಸಾಕು. ವಿಂಗಡಣೆಯಲ್ಲಿ ನನಗೆ ಆಸಕ್ತಿ ಹೋಯಿತು.

ಯಾಕೆ ಹೋಯಿತು ಎಂದು ಹೇಳುತ್ತೇನೆ. ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟಿದರೆ ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟು ಓದಿ, ಯಾರ ಕಾರು, ಯಾವ ವಿಳಾಸ ಎಂದು ಕ್ಷಣದಲ್ಲಿ ಪತ್ತೆಹಚ್ಚುತ್ತದೆ. ಆಗ ಅಫಿಡವಿಟ್ಟು ಬೇಡ, ಪೆನ್ಸಿಲ್ ಪ್ರಿಂಟು ಬೇಡ, ಎರಡು ಪ್ರತಿ ಬೇಡ. ದಂಡ ನನ್ನದು, ಆದ್ದರಿಂದ ಕಾರೂ ನನ್ನದು, ಯಾರಿಗೂ ಅನುಮಾನವಿಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಳೇ ಸಂಚಾರ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರಲ್ಲ, ಅವರಲ್ಲಿ ಯಾರನ್ನಾದರೂ 'ನೀವೇ ಮಾಲೀಕರು ಅನ್ನೋದಕ್ಕೆ ಏನು ದಾಖಲೆ?' ಎಂದು ಕೇಳಿದರೇ? ಅದೇ ಮಾಹಿತಿ, ಅದೇ ಸರ್ಕಾರದ ಕಂಪ್ಯೂಟರು. ನಾನು ಕಾರ್ಡು ಕೇಳಲು ಹೋದರೆ ಮಾತ್ರ ನಾನು ಯಾರೆಂಬುದು ಸಂದೇಹಾಸ್ಪದ. ಮೊಬೈಲಿನ ಡಿಜಿಲಾಕರಿನಲ್ಲಿ ಇದೇ ಆರ್.ಸಿ. ಇದೆ, ರಸ್ತೆಯಲ್ಲಿ ಪೊಲೀಸರು ಅದನ್ನು ಒಪ್ಪಬೇಕೆಂದು ನಿಯಮವೂ ಇದೆ. ಕಚೇರಿಯೊಳಗೆ ತೋರಿಸಿ ನೋಡಿ. "ಒರಿಜಿನಲ್ ತನ್ನಿ" ಎನ್ನುತ್ತಾರೆ. ಒರಿಜಿನಲ್ ಕಳೆದದ್ದಕ್ಕೇ ಸ್ವಾಮಿ ಬಂದಿರುವುದು!

ಇಷ್ಟಾದರೂ ನನ್ನದು ಗಂಡಸಿನ ಗೊಣಗಾಟ. ನಮ್ಮ ಬೀದಿಯ ಟೀಚರಮ್ಮನ ವಿಷಯ ಹಾಗಲ್ಲ. ಯಜಮಾನರು ಹೋದ ಮೇಲೆ ಅವರ ಕಾರನ್ನು ತಮ್ಮ ಹೆಸರಿಗೆ ಮಾಡಿಸಲು ಹೋದರು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಇಲಾಖೆಗೆ ತಿಳಿಸಬೇಕು, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ವೈಕುಂಠ ಸಮಾರಾಧನೆ ಮುಗಿದು ಬಂದವರೆಲ್ಲ ಊರಿಗೆ ಹೋಗುವಷ್ಟರಲ್ಲಿ ಅರ್ಧ ಗಡುವು ಕಳೆದಿರುತ್ತದೆ. ಡೆತ್ ಸರ್ಟಿಫಿಕೇಟು, ನಾಡಕಚೇರಿಯ ವಂಶವೃಕ್ಷ, ಮಕ್ಕಳ ಒಪ್ಪಿಗೆ ಪತ್ರ, ಎಲ್ಲ ಫೈಲಿನಲ್ಲಿ ನೀಟಾಗಿ ಜೋಡಿಸಿಕೊಂಡಿದ್ದರು, ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದ ಕೈ. ಜೊತೆಗೆ ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

"ಯಜಮಾನ್ರ ಮೊಬೈಲ್ ತಂದಿದೀರೇನಮ್ಮಾ? ಒಟಿಪಿ ಹೋಗಿರುತ್ತೆ ನೋಡಿ."

"ಅವರು ತೀರಿಕೊಂಡಿದ್ದಾರಲ್ಲಪ್ಪಾ."

"ಅದು ಗೊತ್ತಮ್ಮ, ಡೆತ್ ಸರ್ಟಿಫಿಕೇಟ್ ಇಲ್ಲೇ ಇದೆಯಲ್ಲ. ಮೊಬೈಲ್ ಎಲ್ಲಿ?"

ಅವನೇನೂ ಒರಟನಲ್ಲ. ಪರದೆಯ ಮೇಲಿನ ಖಾಲಿ ಚೌಕ ತುಂಬಬೇಕಿತ್ತು, ಅಷ್ಟೆ. ಆಯಮ್ಮ ಆ ಸಿಮ್ಮನ್ನು ಆಗಲೇ ನಿಲ್ಲಿಸಿದ್ದರು, ಫೋನ್ ಬಂದಾಗಲೆಲ್ಲ ಎತ್ತಿ ಅದೇ ಸುದ್ದಿ ಹೇಳಲಾರದೆ. ಹೊರಗೆ ಮರದ ಕೆಳಗೆ ಕೂತಿದ್ದ ಏಜೆಂಟನಿಗೆ ಇದರ ಪರಿಹಾರ ಗೊತ್ತಿತ್ತು. "ನೀವು ಆರಾಮಾಗಿ ಕೂತ್ಕೊಳ್ಳಿ ಅಮ್ಮಾ, ನಾನ್ ಮಾಡಿಸ್ಕೊಡ್ತೀನಿ" ಎಂದ. ಮಾಡಿಸಿಯೂ ಕೊಟ್ಟ. ಒಳಗೆ ಸಾಧ್ಯವಿಲ್ಲದ್ದು ಹೊರಗೆ ಹೇಗೆ ಸಾಧ್ಯವಾಗುತ್ತದೆ ಎಂಬುದಕ್ಕೆ ನನ್ನ ನಾಲ್ಕು ಅಭಾವಗಳಲ್ಲಿ ಜಾಗವಿಲ್ಲ. ಟೀಚರಮ್ಮ ರಸೀದಿ ಇಲ್ಲದ ಆ ದುಡ್ಡನ್ನು ಎಣಿಸಿ ಕೊಟ್ಟಾಗ ನಾಚಿಕೆಯಾದದ್ದು ಅವರಿಗೇ. ಆಗಬೇಕಾದವರಿಗೆ ಯಾರಿಗೂ ಆಗಲಿಲ್ಲ.

ಅನುಬಂಧ ಬರೆಯುವ ಉತ್ಸಾಹವಿಲ್ಲ. ಒಂದು ವಿಷಯ ಮಾತ್ರ: 2021ರಿಂದ ಆರ್.ಸಿ.ಯಲ್ಲಿ ನಾಮಿನಿಯ ಹೆಸರು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಕಾರು ಯಾರ ಹೆಸರಿನಲ್ಲಿದೆಯೋ ಅವರು ಇದನ್ನು ಈ ವಾರವೇ ಮಾಡಿಸಿ. ದಾಖಲೆಯಲ್ಲಿ ಶೋರೂಮಿನವನ ಮೊಬೈಲ್ ನಂಬರು ಕೂತಿದೆಯೇ ಎಂದೂ ನೋಡಿಕೊಳ್ಳಿ, ಕೂತಿರುವುದೇ ಹೆಚ್ಚು. ಎರಡಕ್ಕೂ ಒಟಿಪಿ ಬರುತ್ತದೆ, ನೀವು ಇರುವಾಗಲೇ ಆದರೆ ನೋಡಿ ಹೇಳಬಹುದು.