ಇಳಿಯೋರು ಏಳ್ರಿ

ಹುನಗುಂದಕ್ಕೆ ರೈಲಿಲ್ಲ, ವಿಮಾನ ನಿಲ್ದಾಣದ ಮಾತು ದೂರವೇ ಉಳಿಯಿತು. ಆದರೆ ನಕಾಶೆಯ ಮೇಲೆ ಹೈದರಾಬಾದಿನಿಂದ ಹುಬ್ಬಳ್ಳಿಗೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ನಮ್ಮೂರಿನ ತೆಂಕಣಕ್ಕೆ ಹತ್ತಿಪ್ಪತ್ತು ಕಿಲೋಮೀಟರಿನೊಳಗೇ ಹಾದುಹೋಗುತ್ತದೆ. ಇದು ಗೊತ್ತಾದಂದಿನಿಂದ ನಮ್ಮಣ್ಣನ ಮಗನಿಗೆ ಊರಿನ ಮೇಲೆ ಎಲ್ಲಿಲ್ಲದ ಅಭಿಮಾನ. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಿಮ್ಯುಲೇಟರಿನಲ್ಲಿ ಜೆಟ್ ಹಾರಿಸುತ್ತಾನೆ. ಏರುವಾಗ ಅವನಷ್ಟು ಉತ್ಸಾಹಿ ಇನ್ನೊಬ್ಬನಿಲ್ಲ. ತಕರಾರೆಲ್ಲ ಇಳಿಯುವಾಗ.

ಇಳಿಯಲು ಪೈಲಟ್‌ಗಳು ನೆಚ್ಚುವುದು ಮೂರರ ಮಗ್ಗಿಯನ್ನು. ಕಳೆಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲು. 30,000 ಅಡಿಯಲ್ಲಿ ಬರುತ್ತಿದ್ದೀರಿ ಅನ್ನಿ. ಹುಬ್ಬಳ್ಳಿಯ ನೆಲವೇ ಸುಮಾರು 2,000 ಅಡಿ ಎತ್ತರ. ಉಳಿದ 28,000ಕ್ಕೆ 84 ಮೈಲು ಬೇಕು. ವೇಗ ತಗ್ಗಿಸಲು ಮೇಲೊಂದು ಹತ್ತು. ಒಟ್ಟು 94, ನಮ್ಮ ಲೆಕ್ಕದಲ್ಲಿ ಸುಮಾರು 174 ಕಿಲೋಮೀಟರು. ಅಂದರೆ ಹುಬ್ಬಳ್ಳಿಗೆ ಹೊರಟವನು ಲಿಂಗಸುಗೂರಿನ ಮೇಲೆಯೇ ಮೂಗು ತಗ್ಗಿಸಬೇಕು. ಹುನಗುಂದದ ಹತ್ತಿರ ಬರುವಷ್ಟರಲ್ಲಿ 22,000ಕ್ಕೆ ಬಂದಿರಬೇಕು. ಹುಬ್ಬಳ್ಳಿಯ ದೀಪ ಕಂಡ ಮೇಲೆ ಇಳಿದರಾಯಿತು ಅಂದುಕೊಂಡವನು ಊರನ್ನೇ ದಾಟಿ ಹೋಗುತ್ತಾನೆ. ಜೆಟ್ಟಿನ ಸ್ವಭಾವವೇ ಹಾಗೆ. ಎಂಜಿನ್ ತಗ್ಗಿಸಿದರೂ ಜಾರುತ್ತಲೇ ಇರುತ್ತದೆ. ಕಡಿದಾಗಿ ಇಳಿಸಿದರೆ ವೇಗ ಏರುತ್ತದೆ, ವೇಗ ತಗ್ಗಿಸಲು ಮೂಗೆತ್ತಿದರೆ ಇಳಿಯುವುದು ನಿಲ್ಲುತ್ತದೆ. 10,000 ಅಡಿಯ ಕೆಳಗೆ 250 ನಾಟ್ ಮೀರಬಾರದೆಂಬ ಕಟ್ಟಳೆ ಬೇರೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ನೆಲದ ಮೇಲೆ ಕೂತು ವಿಮಾನಗಳನ್ನು ನಡೆಸುವ ಕಂಟ್ರೋಲರ್ ಒಪ್ಪದೆ ಎತ್ತರ ಬಿಡುವಂತಿಲ್ಲ. ಸಿಮ್ಯುಲೇಟರಿನೊಳಗಿನ ಕಂಟ್ರೋಲರ್ ಹೆಣ್ಣು ದನಿಯ ಯಂತ್ರ. ಅಮೀನಗಡದ ಸ್ಟಾಪು ಬರುವವರೆಗೆ ಸುಮ್ಮನಿದ್ದು, ಬ್ರೇಕು ಬಿದ್ದ ಮೇಲೆ "ಇಳಿಯೋರು ಏಳ್ರಿ, ಲಗೂ ಲಗೂ" ಎಂದು ಗದರುವ ಕಂಡಕ್ಟರನ ಜಾತಿ ಅದು. ಲಿಂಗಸುಗೂರು ಹೋಯಿತು, ಹುನಗುಂದ ಹೋಯಿತು, ದನಿಯಿಲ್ಲ. ಆಮೇಲೆ ಒಮ್ಮೆಗೇ ಇಳಿ ಅನ್ನುತ್ತದೆ. ಅರೆ ನಿಮಿಷಕ್ಕೆ, ಇನ್ನೂ ಬೇಗ ಇಳಿ ಅನ್ನುತ್ತದೆ. ಹುಡುಗ ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಎತ್ತಿ, ಚಕ್ರ ಬಿಟ್ಟು ಒದ್ದಾಡುತ್ತಾನೆ. "ಕಾಕಾ, ಈಕಿ ಮದ್ಲ ಹೇಳಬಾರದಾಗಿತ್ತೇನ್ರೀ?"

"ನೀ ಮದ್ಲ ಕೇಳಬಾರದಾಗಿತ್ತೇನ?" ಅಂದೆ. ಕೇಳುವ ಹಕ್ಕು ಪೈಲಟ್ಟಿಗಿದೆ. ಕೊಟ್ಟ ಅಪ್ಪಣೆ ಆಗದ ಮಾತಾದರೆ 'ಅನೇಬಲ್' ಎನ್ನುವ ಹಕ್ಕೂ ಇದೆ. ಯಂತ್ರದ ದನಿ ಬೇಡವೆಂದರೆ, ಸಿಮ್ಯುಲೇಟರ್ ಹಾರಿಸುವವರಿಗಾಗಿಯೇ 2001ರಿಂದ ನಡೆದಿರುವ ವ್ಯಾಟ್‌ಸಿಮ್ ಎಂಬ ಅಂತರ್ಜಾಲ ತಾಣವಿದೆ. ಅದರಲ್ಲಿ ಸಂಬಳವಿಲ್ಲದ ಹವ್ಯಾಸಿಗಳೇ ಕಂಟ್ರೋಲರ್‌ಗಳಾಗಿ ಕೂರುತ್ತಾರೆ. ಅಲ್ಲಿ ಎತ್ತರ ಜಾಸ್ತಿಯಾಗಿದೆ ಅಂದರೆ ಇನ್ನೊಂದು ಸುತ್ತು ಹಾಕಿ ಬಾ ಅನ್ನುವ ಮನುಷ್ಯರಿದ್ದಾರೆ. ನಮ್ಮವನಿಗೆ ಅಲ್ಲಿ ಮಾತಾಡಲು ನಾಚಿಕೆ. ಇಂಗ್ಲಿಷು ತಪ್ಪಿದರೆ ನಕ್ಕಾರು ಎಂಬ ಭಯ. ಹುಬ್ಬಳ್ಳಿ ದಾಟಿ ಹೋದರೂ ಚಿಂತೆಯಿಲ್ಲ.

ಆಗ ಅವನಿಗೆ ಮಂಗಳೂರಿನದನ್ನು ಹೇಳಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ವಿಮಾನ ಬರುವಾಗ ಅಲ್ಲಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು. ಹಾಗಾಗಿ ಇಳಿಯಲು ಎಂದಿಗಿಂತ ತಡವಾಗಿ ಬಿಟ್ಟರು. ರನ್‌ವೇ ಹತ್ತಿರ ಬಂದಾಗಲೂ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಗುಡ್ಡದ ನೆತ್ತಿಯ ಮೇಲಿನ ಆ ರನ್‌ವೇ ಮುಗಿದ ಮೇಲೆ ಕಣಿವೆ. 166 ಜನರಲ್ಲಿ ಉಳಿದವರು ಎಂಟು. ಹುಡುಗ ಆ ಸಂಜೆ ಆಟ ಬಂದ್ ಮಾಡಿ ಊಟಕ್ಕೆ ಎದ್ದ.

ಈಗ ಲಿಂಗಸುಗೂರಿಗೆ ಮುಂಚೆಯೇ ತಾನಾಗಿ ಕೇಳುತ್ತಾನೆ, ಅನುಮತಿ ಸಿಗುತ್ತದೆ. ಯಂತ್ರದ ಚಾಳಿ ಮಾತ್ರ ಬಿಟ್ಟಿಲ್ಲ. ಸರಿಯಾಗಿ ಇಳಿಯುತ್ತಿದ್ದವನಿಗೂ ನಡುವೆ ಒಮ್ಮೆ ಬೇಗ ಇಳಿ ಅನ್ನುತ್ತದೆ. ಅವನು ಒಂದು ಕೀ ಒತ್ತಿ ಒಪ್ಪಿಗೆ ಸೂಚಿಸಿ ತನ್ನ ಪಾಡಿಗೆ ಇಳಿಯುತ್ತಾನೆ.

ನಮ್ಮವ್ವ ಕಟ್ಟೆಯ ಮೇಲೆ ಅವರೆ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಾಳೆ. "ಯಾರಪಾ ಆಕಿ, ಒಂದೇ ಸವನ ಬೈಯಾಕತ್ತಾಳಲ್ಲ?"

"ಬೇಗ ಇಳಿ ಅನ್ನಾಕತ್ತಾಳ ಆಯಿ. ಹೂಂ ಅನ್ನಬೇಕು, ಇಲ್ಲಂದ್ರ ಬಿಡೂದಿಲ್ಲ."

"ಹಂಗಾದ್ರ ನಿಮ್ಮ ಮುತ್ಯಾ ಛಲೋ ಪೈಲಟ್ ಆಗತಿದ್ದ ಬಿಡು. ನಲವತ್ತು ವರ್ಷ ನನ್ನ ಮಾತಿಗೆ ಬರೇ ಹೂಂ ಅಂದಾನ."