ಉಡಿದಾರದ ಕೆಳಗೊಂದು ಉಂಗುರ

ಈ ಮಳೆಗಾಲದಲ್ಲಿ ನನ್ನ ಸೊಂಟದಲ್ಲಿ, ಸರಿಯಾಗಿ ಉಡಿದಾರದ ಕೆಳಗೆ, ಕೆಂಪಂಚಿನ ಉಂಗುರವೊಂದು ಮೂಡಿತು. ಹುಳುಕಡ್ಡಿ. ನೆಗಡಿ, ಜ್ವರ ಬಂದರೆ ನಾಲ್ಕು ಜನರಿಗೆ ಹೇಳಿ ಮರುಕ ಗಿಟ್ಟಿಸಬಹುದು. ತುರಿಕೆಗೆ ಆ ಭಾಗ್ಯವಿಲ್ಲ. ಮದುವೆಮನೆಯಲ್ಲಿ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ನಾನು ಪದೇ ಪದೇ ಕಂಬದ ಮರೆಗೆ ಹೋಗುವುದನ್ನು ನೋಡಿ ಬೀಗರ ಕಡೆಯವರೊಬ್ಬರು, ‘ಪಂಚೆ ಉಟ್ಟು ಅಭ್ಯಾಸವಿಲ್ಲವೇನೋ, ಬೆಲ್ಟ್ ಕೊಡಲೇ?’ ಅಂದರು.

ಗುಟ್ಟು ಹೊರಬಿದ್ದ ಮೇಲೆ ತಿಳಿಯಿತು, ನಮ್ಮ ಬೀದಿಯಲ್ಲಿ ಮುಲಾಮಿನ ಟ್ಯೂಬಿಲ್ಲದ ಮನೆಯೇ ಇಲ್ಲ. ಪಕ್ಕದ ಮನೆಯ ರಾಯರು ಬಾಲದಿಂದ ಸುರುಳಿ ಸುತ್ತಿದ ಟ್ಯೂಬೊಂದನ್ನು ತಂದು, ‘ಹಚ್ಚಿ ಮಲಗಿ ಸ್ವಾಮಿ, ಬೆಳಿಗ್ಗೆ ತುರಿಕೆ ಇದ್ದರೆ ನನ್ನನ್ನು ಕೇಳಿ’ ಎಂದರು. ಕನ್ನಡಕ ಏರಿಸಿ ಸಣ್ಣಕ್ಷರ ಓದಿದೆ: ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್. ಮಂತ್ರದಂತೆ ಕೇಳಿಸಿತೇ ಹೊರತು ಅರ್ಥವಾಗಲಿಲ್ಲ.

ಅರ್ಥ ಹೇಳಿದವರು ಚರ್ಮದ ಡಾಕ್ಟರು. ಕ್ಲೋಬೆಟಸಾಲ್ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದದ್ದು. ಸೋರಿಯಾಸಿಸ್‌ನ ದಪ್ಪ ಪದರಕ್ಕೆ ಅದು ಸಂಜೀವಿನಿ. ಹುಳುಕಡ್ಡಿಗೆ ಹಚ್ಚುವುದೋ, ಕಳ್ಳ ಬಂದಾಗ ಬೊಗಳುವ ನಾಯಿಗೆ ನಿದ್ದೆಮದ್ದು ಹಾಕಿದ ಹಾಗೆ. ತುರಿಕೆ ರಾತ್ರೋರಾತ್ರಿ ನಿಲ್ಲುತ್ತದೆ, ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ಉಂಗುರದ ಅಂಚು ಮಾಸಿ ರೋಗದ ಗುರುತೇ ಸಿಗದಂತಾಗುತ್ತದೆ. ತೊಡೆಸಂದಿಯ ತೆಳುಚರ್ಮದಲ್ಲಿ ಬಿರುಕುಗೆರೆಗಳು ಶಾಶ್ವತವಾಗಿ ಉಳಿಯುತ್ತವೆ.

ಲುಲಿಕೊನಜೋಲ್, ಟರ್ಬಿನಾಫಿನ್ ಮುಲಾಮುಗಳಿಗೆ ಆ ಮಾಯೆ ಬರುವುದಿಲ್ಲ. ನಿಧಾನ, ಆದರೆ ನೇರ ಶಿಲೀಂಧ್ರದ ಮೇಲೇ ಕೈ. ಮಾತ್ರೆಗಳ ಮಾತು ಬೇರೆ. ಟರ್ಬಿನಾಫಿನ್‌ಗೆ ಹಲವೊಮ್ಮೆ ಜಗ್ಗದ, 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರ ಈಗ ನಮ್ಮ ದೇಶದಲ್ಲಿ ಮೆರೆಯುತ್ತಿದೆ. ಹಾಗಾಗಿ ಇಟ್ರಾಕೊನಜೋಲ್‌ಗೆ ಬೇಡಿಕೆ. ಆದರೆ ಹೃದಯ ಸೋತವರಿಗೆ ಅದು ಸಲ್ಲದು, ಯಕೃತ್ತು ಕೆಟ್ಟವರಿಗೆ ಟರ್ಬಿನಾಫಿನ್ ಸಲ್ಲದು. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಅದು ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು. ಆಮ್ಲ ತಗ್ಗಿಸುವ ಗ್ಯಾಸ್ ಮಾತ್ರೆಯಿಲ್ಲದೆ ಬೆಳಗಾಗದ ನನ್ನಂಥ ಬೋಂಡಾಪ್ರಿಯನಿಗೆ ಇದಕ್ಕಿಂತ ಶಿಕ್ಷೆ ಬೇಕೇ!

ರಾಯರು ಕೊಟ್ಟಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ರಾಯರ ಕಪಾಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಿಮ್ಮ ಬೀದಿಯಲ್ಲೂ ಒಬ್ಬ ರಾಯರು ಇದ್ದೇ ಇರುತ್ತಾರೆ. ಕಾಫಿ ಕೊಟ್ಟು ಮಾತಾಡಿಸಿ. ಅವರು ಕೊಟ್ಟ ಟ್ಯೂಬಿನಲ್ಲಿ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹೆಸರೇನಾದರೂ ಕಂಡರೆ ಮಾತ್ರ, ಡಾಕ್ಟರನ್ನು ಕೇಳದೆ ಮುಚ್ಚಳ ತೆಗೆಯಬೇಡಿ.