ಪೆಂಗ್ವಿನ್ ಗೃಹಪ್ರವೇಶ

ಹಳೇ ಲ್ಯಾಪ್‌ಟಾಪ್ ಹೊಸ ವಿಂಡೋಸಿನ ಭಾರ ತಾಳದೆಂದು ಗೊತ್ತಾದಾಗ ಅಕ್ಕನ ಮಗ, "ಲಿನಕ್ಸ್ ಹಾಕ್ಕೊಳ್ಳಿ ಮಾಮ, ಬಿಟ್ಟಿ" ಎಂದ. ಬಿಟ್ಟಿ ಅಂದರೆ ಬಿಡುವ ಪೈಕಿ ನಾನಲ್ಲ. ಆದರೆ ಪೆಂಗ್ವಿನ್ ಗುರುತಿನ ಈ ಲಿನಕ್ಸಿನಲ್ಲಿ ಯಾವುದು? 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ್ದಕ್ಕೆ ಈಗ ನೂರಾರು ಕವಲು. ಡೆಬಿಯನ್ ಮಗ ಉಬುಂಟು, ಉಬುಂಟು ಮಗ ಮಿಂಟ್; ಮದುವೆಮನೆಯಲ್ಲಿ ನಂಟು ಬಿಡಿಸಿ ಹೇಳುವ ಅಜ್ಜಿಯೇ ಬೇಕು. ಕೊನೆಗೆ ಉಬುಂಟು 24.04 ಹಿಡಿದೆ. ಅದಕ್ಕೆ ನಂಬ್ಯಾಟ್ ಎಂಬ ಆಸ್ಟ್ರೇಲಿಯಾದ ಪ್ರಾಣಿಯ ಹೆಸರು, ಅದರ ಮುಖ ಮುದ್ದಾಗಿತ್ತು. ತಾಂತ್ರಿಕ ಕಾರಣ ಇಷ್ಟೇ.

ಉಬುಂಟು ತುಂಬಿದ ಪೆನ್‌ಡ್ರೈವ್ ಚುಚ್ಚಿದೆ. "ಡಿಸ್ಕ್ ಪೂರ್ತಿ ಅಳಿಸಲೇ?" ಎಂದು ಪರದೆ ಕೇಳಿತು. ಹಿಂದಿನಿಂದ ಹೆಂಡತಿ, "ನಮ್ಮ ಮದುವೆ ಫೋಟೋ ಅದರಲ್ಲೇ ಇತ್ತಲ್ವೇನ್ರೀ?" ಎಂದಳು. ಕಾಪಿ ಮಾಡಿಟ್ಟಿದ್ದೆ, ಆದರೂ ಬೆರಳು ನಡುಗಿತು.

ಇನ್‌ಸ್ಟಾಲ್ ಮುಗಿದು, ಟರ್ಮಿನಲ್ ತೆರೆದು ಸಾಫ್ಟ್‌ವೇರ್ ಹಾಕುವ ಆಜ್ಞೆ ಕೊಟ್ಟರೆ ಪಾಸ್‌ವರ್ಡ್ ಕೇಳಿತು. ಹೊಡೆದೆ, ಅಕ್ಷರವಿಲ್ಲ, ಚುಕ್ಕಿಯೂ ಇಲ್ಲ. ಕೀಬೋರ್ಡ್ ಕೊಡವಿದೆ, ಊದಿದೆ, ಲುಂಗಿಯಲ್ಲಿ ಒರೆಸಿದೆ. "ಅದು ಕಾಣಲ್ಲ ಮಾಮ, ನಂಬಿಕೆ ಮೇಲೆ ಹೊಡೆದು ಎಂಟರ್ ಒತ್ತಿ" ಎಂದ ಅಳಿಯ. ದೇವರ ಮೇಲೂ ಇಷ್ಟು ನಂಬಿಕೆಯಿಟ್ಟವನಲ್ಲ ನಾನು.

ಈಗ ವೈಫೈ ಒಂದು ಬಿಟ್ಟರೆ ಎಲ್ಲ ಸೊಗಸಾಗಿದೆ. ಅದರ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಂತೆ.